ಟಿವಿಗೆ ಹಾಕಿ ಗೇಮ್ ಆಡುವ ಪಿಎಸ್5 (ಪ್ಲೇಸ್ಟೇಷನ್ 5) ಕೊಳ್ಳಬೇಕು ಅಂತಿದ್ದೀನಿ. ಗೇಮ್‌ಗಳನ್ನು ಡಿಸ್ಕ್‌ನಲ್ಲಿ ತಗೊಳ್ಳಲಾ, ಡೌನ್‌ಲೋಡ್ ಮಾಡಿಕೊಳ್ಳಲಾ?

ಡಿಸ್ಕ್ ಡ್ರೈವ್ ಇರುವುದನ್ನೇ ತಗೊಳ್ಳಿ. ನಮ್ಮ ಮನೆ ದಾವಣಗೆರೆಯ ವಿದ್ಯಾನಗರದಲ್ಲಿ, ಸೋದರಮಾವನ ಮಗ ಇರೋದು ಚಿತ್ರದುರ್ಗದಲ್ಲಿ. ಇಬ್ಬರೂ ಮಾತಾಡಿಕೊಂಡೇ ಕೊಳ್ಳುತ್ತೇವೆ, ಒಬ್ಬ ತಂದ ಗೇಮ್ ಇನ್ನೊಬ್ಬ ತರೋದಿಲ್ಲ. ನಾನು ಆಡಿ ಮುಗಿಸಿದ್ದು ಯಾರಾದರೂ ದುರ್ಗಕ್ಕೆ ಹೊರಟಾಗ ಬಸ್ ಹತ್ತುತ್ತೆ, ಅವನದ್ದು ಹಾಗೇ ಇಲ್ಲಿಗೆ ಬರುತ್ತೆ. ಹೋದ ತಿಂಗಳು ಅತ್ತೆ ತಂದ ಚೀಲದಲ್ಲಿ ಶೇಂಗಾ ಹೋಳಿಗೆ ಡಬ್ಬಿ ಕೆಳಗೆ ಡಿಸ್ಕ್ ಸಿಕ್ಕಿತು. ಬಿಚ್ಚಿದರೆ ಹೊಳೆಯುವ ಬದಿಯಲ್ಲೇ ಜಿಡ್ಡಿನ ಬೆರಳಚ್ಚು! ಕನ್ನಡಕ ಒರೆಸುವ ಬಟ್ಟೆ ತಗೊಂಡು ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆ (ಸುತ್ತ ತಿರುಗಿಸಿ ಒರೆಸಬೇಡಿ). ಹಾಕಿದ ಕೂಡಲೇ ಓದಿತು.

ಡೌನ್‌ಲೋಡ್ ಗೇಮ್‌ಗೆ ಈ ಓಡಾಟ ಇಲ್ಲ. ಅದು ಕೊಂಡವರ ಅಕೌಂಟಿಗೇ ಅಂಟಿಕೊಂಡಿರುತ್ತೆ, ಮಾರೋಕಾಗಲ್ಲ. ನೀವು ಕೊಳ್ಳೋದು ಆಡುವ ಪರವಾನಗಿ ಮಾತ್ರ. ಅದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳಲೇಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಕಾನೂನೇ ಇದೆ. ಜೊತೆಗೆ ಸಮಯ: 100 ಜಿಬಿ ಗೇಮ್ 40 ಎಂಬಿಪಿಎಸ್ ಲೈನಿನಲ್ಲಿ ಇಳಿಯೋಕೆ ಐದೂವರೆ ಗಂಟೆ, ಅದೂ ಕರೆಂಟ್ ಹೋಗದಿದ್ದರೆ.

ಹಾಗಂತ ಡಿಸ್ಕ್ ಇದ್ದರೆ ಗೇಮ್ ಪೂರ್ತಿ ಕೈಯಲ್ಲಿದೆ ಅಂದುಕೊಳ್ಳಬೇಡಿ. 2022ರ 'ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2' ಪಿಎಸ್5 ಡಿಸ್ಕ್‌ನಲ್ಲಿ ಇದ್ದದ್ದು ಸುಮಾರು 70 ಎಂಬಿ, ಉಳಿದದ್ದೆಲ್ಲ ನೆಟ್‌ನಿಂದಲೇ. 'ದಿ ಕ್ರೂ' ಅನ್ನೋ ಕಾರ್ ಗೇಮ್ ಕಥೆ ಇನ್ನೂ ಸಂಕಟದ್ದು. ಅದು ನೆಟ್‌ನಲ್ಲಿ ಕಂಪನಿಯ ಸರ್ವರ್‌ಗೆ ಜೋಡಿಸಿಕೊಂಡೇ ಓಡುತ್ತಿತ್ತು. 2024ರ ಮಾರ್ಚ್ 31ಕ್ಕೆ ಆ ಸರ್ವರ್ ಮುಚ್ಚಿದರು, ಡಿಸ್ಕ್ ಇಟ್ಟುಕೊಂಡವರಿಗೂ ಆಟ ನಿಂತೇಹೋಯಿತು. ದುಡ್ಡು ಕೊಟ್ಟು ತಂದ ವಸ್ತು ಕಪಾಟಿನಲ್ಲೇ ಇದ್ದೂ ಸತ್ತುಹೋಗೋದು ನನಗಂತೂ ಅನ್ಯಾಯ ಅನ್ನಿಸುತ್ತೆ. ಅದಕ್ಕೇ ಕೊಳ್ಳುವ ಮುಂಚೆ ಎರಡು ವಿಷಯ ವಿಚಾರಿಸಿ: ಗೇಮ್ ಡಿಸ್ಕ್‌ನಲ್ಲೇ ಇದೆಯಾ, ನೆಟ್ ಇಲ್ಲದೆ ಒಬ್ಬರೇ ಆಡಬಹುದಾ.

ಡೌನ್‌ಲೋಡ್ ಬೇಡವೇ ಬೇಡ ಅಂತಲ್ಲ. ಸಣ್ಣ ಗೇಮ್‌ಗಳು ಎಷ್ಟೋ ಡಿಸ್ಕ್‌ನಲ್ಲಿ ಬರೋದೇ ಇಲ್ಲ, ಅವನ್ನು ಆಫರ್ ಬಂದಾಗ ನಾನೂ ತಗೊಳ್ಳುತ್ತೇನೆ.

ಈಗ ದುಡ್ಡು ಸಾಲದೆ ಡಿಸ್ಕ್ ಡ್ರೈವ್ ಇಲ್ಲದ ಡಿಜಿಟಲ್ ಎಡಿಷನ್ನೇ ತರೋದಾದರೆ 2023ರ ಕೊನೆಗೆ ಬಂದ ತೆಳು ಮಾಡೆಲ್ ನೋಡಿ. ಅದಕ್ಕೆ ಡ್ರೈವ್ ಆಮೇಲೆ ಬೇರೆ ತಂದು ಕೂರಿಸಬಹುದು. ಮೊದಲ ಸಲ ಕೂರಿಸುವಾಗ ಮಾತ್ರ ನೆಟ್ ಇರಬೇಕು.