ಕೈ ಎಂದರೆ ಯಾವ ಕೈ? ವ್ಯಾಯಾಮದ ಇಂಗ್ಲಿಷ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನನಗೆ 38 ವರ್ಷ. ಇಂಗ್ಲಿಷನ್ನು ಓದಿದರೆ ತಕ್ಕಮಟ್ಟಿಗೆ ಅರ್ಥವಾಗುತ್ತದೆ, ಕೇಳಿದರೆ ಕಿವಿಗೆ ನಿಲುಕುವುದಿಲ್ಲ. ಪದಗಳ ಪಟ್ಟಿ ಬರೆದು ಬಾಯಿಪಾಠ ಮಾಡಿದರೆ ವಾರದೊಳಗೆ ಮರೆತುಹೋಗುತ್ತದೆ. ಈಚೆಗೆ ಇಂಗ್ಲಿಷ್ ವಿಡಿಯೊಗಳನ್ನು ನೋಡಿಕೊಂಡು ಡಂಬೆಲ್ ಹಿಡಿದು ವ್ಯಾಯಾಮ ಮಾಡುತ್ತಿದ್ದೇನೆ. ಇದರಿಂದಲೇ ಪದಗಳನ್ನು ಕಲಿಯಲು ಸಾಧ್ಯವೆ?

ಉತ್ತರ: ಸಾಧ್ಯ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ಅವರು 1960ರ ದಶಕದಲ್ಲಿ ರೂಪಿಸಿದ ‘ಟೋಟಲ್ ಫಿಸಿಕಲ್ ರೆಸ್ಪಾನ್ಸ್’ ಎಂಬ ಬೋಧನಾಕ್ರಮದ ತಳಹದಿಯೇ ಇದು. ಶಿಕ್ಷಕರು ಹೊಸ ಭಾಷೆಯಲ್ಲಿ ‘ಏಳಿ’, ‘ನಡೆಯಿರಿ’, ‘ತಿರುಗಿ’ ಎಂದು ಅಪ್ಪಣೆ ಕೊಡುತ್ತಾರೆ, ಕಲಿಯುವವರು ಬಾಯಿ ತೆರೆಯದೆ ಮೈಯಿಂದಲೇ ಉತ್ತರಿಸುತ್ತಾರೆ. ಮಾತಾಡಬೇಕೆಂಬ ಒತ್ತಾಯ ಆರಂಭದಲ್ಲಿ ಇರುವುದಿಲ್ಲ. ವ್ಯಾಯಾಮದ ವಿಡಿಯೊದಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ ಆಗಿದ್ದು, ಒಂದೇ ಅಪ್ಪಣೆ ಹತ್ತಾರು ಸಲ ಕಿವಿಗೆ ಬೀಳುತ್ತದೆ ಎಂಬುದು ಹೆಚ್ಚಿನ ಲಾಭ.

ಆದರೆ ಬಿಡಿ ಪದಗಳ ಬೆನ್ನು ಹತ್ತಬೇಡಿ. ಕನ್ನಡದಲ್ಲಿ ಭುಜದಿಂದ ಬೆರಳ ತುದಿಯವರೆಗೂ ‘ಕೈ’ ಎಂದರೆ ನಡೆಯುತ್ತದೆ. ಇಂಗ್ಲಿಷಿನಲ್ಲಿ ಮಣಿಕಟ್ಟಿನಿಂದ ಮುಂದಿನದು ‘ಹ್ಯಾಂಡ್’, ಅದಕ್ಕೆ ಮೇಲಿನದು ‘ಆರ್ಮ್’. ‘ಕಾಲು’ ಎಂಬುದೂ ಹೀಗೆಯೇ ‘ಲೆಗ್’ ಮತ್ತು ‘ಫುಟ್’ ಎಂದು ಒಡೆಯುತ್ತದೆ, ಬೆರಳು ಕೈಯದಾದರೆ ‘ಫಿಂಗರ್’, ಕಾಲಿನದಾದರೆ ‘ಟೋ’ ಆಗುತ್ತದೆ. ನಿಘಂಟಿನಲ್ಲಿ ‘ಲೆಗ್’, ‘ಫುಟ್’ ಎರಡಕ್ಕೂ ಒಂದೇ ಅರ್ಥ ಕಂಡವರು ‘ಫೀಟ್’ ಎಂದಾಗ ಇಡೀ ಕಾಲನ್ನು ಅಲುಗಿಸುವುದನ್ನು ನಾನು ನೋಡಿದ್ದೇನೆ. ಇನ್ನೊಂದು ಕಡೆ ಕನ್ನಡವೇ ಮುಂದಿದೆ: ನಾವು ‘ಅಂಗಾತ’, ‘ಬೋರಲು’ ಎಂದು ಒಂದೊಂದೇ ಪದದಲ್ಲಿ ಮುಗಿಸುವುದನ್ನು ಅವರು ‘ಲೈ ಆನ್ ಯುವರ್ ಬ್ಯಾಕ್’, ‘ಲೈ ಫೇಸ್ ಡೌನ್’ ಎಂದು ಬಿಡಿಸಿ ಹೇಳುತ್ತಾರೆ. ಇಲ್ಲಿ ‘ಲೈ’ ಎಂದರೆ ಸುಳ್ಳಲ್ಲ, ಮಲಗುವುದು.

ಬಸ್ಕಿಯ ಅಪ್ಪಣೆಗಳನ್ನೇ ತೆಗೆದುಕೊಳ್ಳಿ. ‘ಸ್ಟ್ಯಾಂಡ್ ವಿತ್ ಯುವರ್ ಫೀಟ್ ಶೋಲ್ಡರ್ ವಿಡ್ತ್ ಅಪಾರ್ಟ್’ ಎಂದರೆ ಎರಡು ಪಾದಗಳ ನಡುವೆ ಭುಜದ ಅಗಲದಷ್ಟು ಜಾಗ ಬಿಟ್ಟು ನಿಲ್ಲುವುದು. ಹಾಗೆ ನಿಂತ ಮೇಲೆ ‘ಅಪಾರ್ಟ್’ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ಬಳಿಕ ‘ಲೋವರ್ ಯುವರ್ ಹಿಪ್ಸ್’ ಎನ್ನುತ್ತಾರೆ. ‘ಲೋವರ್’ ಎಂದರೆ ‘ಕೆಳಗಿನ’ ಎಂದಷ್ಟೇ ಕಲಿತವರಿಗೆ ಅದು ‘ಇಳಿಸು’ ಎಂಬ ಕ್ರಿಯಾಪದವೂ ಹೌದೆಂದು ತಿಳಿಯುವುದು ಸೊಂಟ ಕೆಳಗಿಳಿದಾಗ. ಕೊನೆಯ ‘ಪುಶ್ ಥ್ರೂ ಯುವರ್ ಹೀಲ್ಸ್’ ಎಂಬುದನ್ನು ಪದಕ್ಕೆ ಪದ ಬಿಡಿಸಿದರೆ ‘ಹಿಮ್ಮಡಿಗಳ ಮೂಲಕ ತಳ್ಳಿ’ ಎಂಬ ಅರ್ಥಗೇಡಿ ವಾಕ್ಯ ಉಳಿಯುತ್ತದೆ. ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ ಮೇಲೆದ್ದು ನೋಡಿದರೆ ‘ಥ್ರೂ’ ಅಲ್ಲಿ ಏನು ಮಾಡುತ್ತಿದೆಯೆಂದು ತಾನಾಗಿ ಹೊಳೆಯುತ್ತದೆ. ಆದ್ದರಿಂದ ಪುಸ್ತಕದಲ್ಲಿ ಪದದ ಬದಲು ಇಡೀ ವಾಕ್ಯವನ್ನು ಬರೆದುಕೊಳ್ಳಿ, ದಿನಕ್ಕೆ ಮೂರೋ ನಾಲ್ಕೋ ಸಾಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಮೊದಲು ಕುಳಿತು ವಿಡಿಯೊ ನೋಡಿ, ಆಮೇಲೆ ಬರಿಗೈಯಲ್ಲಿ ಮಾಡಿ, ಅಪ್ಪಣೆ ಪೂರ್ತಿ ತಿಳಿದ ಮೇಲೆ ಡಂಬೆಲ್ ಹಿಡಿಯಿರಿ. ಭಾರ ಹೊತ್ತ ಹೊತ್ತಿನಲ್ಲಿ ಅರ್ಥ ಹುಡುಕಬಾರದು. ‘ವೇಟ್’ ಎಂಬ ಉಚ್ಚಾರಣೆಗೆ ತೂಕ ಎಂದೂ ತಾಳಿ ಎಂದೂ ಎರಡು ಅರ್ಥಗಳಿವೆ. ತಾಳಿ ಎಂದವರ ಮುಂದೆ ನಾನೊಮ್ಮೆ ಡಂಬೆಲ್ ಎತ್ತಿಕೊಂಡು ನಿಂತವನೇ.

ಪ್ರಶ್ನೆ: ‘ಬ್ರೇಸ್ ಯುವರ್ ಕೋರ್’, ‘ಪ್ಲ್ಯಾಂಕ್’, ‘ತ್ರೀ ಸೆಟ್ಸ್ ಆಫ್ ಟೆನ್ ರೆಪ್ಸ್’ ಮುಂತಾದವಕ್ಕೆ ನಿಘಂಟಿನ ಅರ್ಥ ಹೊಂದುವುದಿಲ್ಲ. ಹೇಗೆ ತಿಳಿಯಬೇಕು?

ಉತ್ತರ: ಹೊಂದುತ್ತದೆ, ಸ್ವಲ್ಪ ಬಾಗಿಸಬೇಕು. ‘ಪ್ಲ್ಯಾಂಕ್’ ಎಂದರೆ ಹಲಗೆ; ಮುಂಗೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆಯಂತೆ ನೇರವಾಗಿ ನಿಲ್ಲಿಸುವುದಕ್ಕೆ ಆ ಹೆಸರು. ‘ರೆಪ್’ ಎಂಬುದು ‘ರೆಪಿಟಿಷನ್’ ಪದದ ಮೋಟು ರೂಪ. ಹತ್ತು ಸಲ ಮಾಡಿ ವಿರಮಿಸಿದರೆ ಒಂದು ‘ಸೆಟ್’ ಆಗುತ್ತದೆ, ಅಂಥ ಮೂರು ಸೇರಿ ಒಟ್ಟು 30 ಸಲ. ‘ಕೋರ್’ ಎಂದರೆ ತಿರುಳು, ಇಲ್ಲಿ ಹೊಟ್ಟೆ, ಬೆನ್ನು ಮತ್ತು ಸೊಂಟದ ಸುತ್ತಲಿನ ಸ್ನಾಯುಗಳು. ‘ಬ್ರೇಸ್’ ಎಂಬುದನ್ನು ಹೊಟ್ಟೆ ಒಳಕ್ಕೆಳೆದುಕೊಳ್ಳುವುದೆಂದು ಬಹಳ ಮಂದಿ ತಪ್ಪು ತಿಳಿಯುತ್ತಾರೆ. ಯಾರೋ ಹೊಟ್ಟೆಗೆ ಗುದ್ದಲು ಬಂದಾಗ ತಡೆಯಲು ಬಿಗಿಹಿಡಿಯುತ್ತೀರಲ್ಲ, ಆ ಬಿಗಿಯೇ ‘ಬ್ರೇಸ್’.

ಸ್ನಾಯುಗಳ ಹೆಸರುಗಳು ಹೆದರಿಸುತ್ತವೆ, ಆದರೆ ಒಡೆದು ನೋಡಿದರೆ ಸರಳ. ಲ್ಯಾಟಿನ್ನಿನಲ್ಲಿ ‘ಬೈಸೆಪ್ಸ್’ ಎಂದರೆ ಎರಡು ತಲೆಯದು, ‘ಟ್ರೈಸೆಪ್ಸ್’ ಮೂರು ತಲೆಯದು, ತೊಡೆಯ ಮುಂಭಾಗದ ‘ಕ್ವಾಡ್ರಿಸೆಪ್ಸ್’ ನಾಲ್ಕು ತಲೆಯದು. ತಲೆ ಎಂದರೆ ಸ್ನಾಯು ಮೂಳೆಗೆ ಅಂಟಿ ಹೊರಡುವ ಕವಲು. ‘ಮಸಲ್’ ಎಂಬ ಪದವೇ ಲ್ಯಾಟಿನ್ನಿನ ‘ಪುಟ್ಟ ಇಲಿ’ಯಿಂದ ಬಂದದ್ದು. ನಗುವ ಮುನ್ನ ನಮ್ಮ ‘ಮೀನಖಂಡ’ವನ್ನು ನೆನೆಯಿರಿ: ಅವರಿಗೆ ಇಲಿ ಕಂಡಲ್ಲಿ ನಮಗೆ ಮೀನು ಕಂಡಿದೆ. ಆ ಮೀನಖಂಡಕ್ಕೆ ಇಂಗ್ಲಿಷಿನಲ್ಲಿ ‘ಕಾಫ್’ ಎನ್ನುತ್ತಾರೆ, ಕರುವಿಗೂ ಅದೇ ಪದ.

ಪ್ರಶ್ನೆ: ಕೇಳಿ ಮಾಡಲು ಬರುತ್ತಿದೆ. ತರಬೇತುದಾರರಿಗೆ ನನ್ನ ತೊಂದರೆ ಹೇಳಲು ಮಾತೇ ಹೊರಡುವುದಿಲ್ಲ.

ಉತ್ತರ: ಅಪ್ಪಣೆಗಳನ್ನಷ್ಟೇ ಕೇಳಿದವರಿಗೆ ಆಜ್ಞಾರ್ಥಕ ರೂಪವೊಂದೇ ಬರುತ್ತದೆ. ವ್ಯಾಯಾಮ ಮುಗಿದ ಮೇಲೆ, ಮಾಡಿದ್ದನ್ನು ಮೂರು ವಾಕ್ಯಗಳಲ್ಲಿ ಗಟ್ಟಿಯಾಗಿ ಹೇಳಿಕೊಳ್ಳಿ: ‘ಬೆಂಡ್’ ಇದ್ದದ್ದು ‘ಬೆಂಟ್’, ‘ಹೋಲ್ಡ್’ ಇದ್ದದ್ದು ‘ಹೆಲ್ಡ್’, ‘ಕೀಪ್’ ಇದ್ದದ್ದು ‘ಕೆಪ್ಟ್’ ಆಗಿ, ಭೂತಕಾಲದ ರೂಪಗಳು ಒಂದೊಂದಾಗಿ ನಾಲಿಗೆಗೆ ಬರುತ್ತವೆ.

ತೊಂದರೆ ಹೇಳುವಾಗ ‘ನೋವು’ ಎಂಬ ಒಂದೇ ಪದವನ್ನು ‘ಪೇನ್’ ಎಂದು ದಾಟಿಸಬೇಡಿ. ಹೊಸ ವ್ಯಾಯಾಮದ ಮರುದಿನ ಅಥವಾ ಅದರ ಮರುದಿನ ತೊಡೆ ಹಿಡಿದುಕೊಂಡಂತಾಗುವುದು ಸಾಮಾನ್ಯ, ಅದಕ್ಕೆ ‘ಮೈ ಥೈಸ್ ಆರ್ ಸೋರ್’ ಎನ್ನಬೇಕು. ಎತ್ತುವಾಗಲೇ ಮಂಡಿಯಲ್ಲಿ ಚುಚ್ಚಿದಂತಾದರೆ ‘ಐ ಫೀಲ್ ಎ ಶಾರ್ಪ್ ಪೇನ್ ಇನ್ ಮೈ ನೀ’ ಎನ್ನಿ. ಮೊದಲನೆಯದನ್ನು ಕೇಳಿದ ತರಬೇತುದಾರರು ಭಾರ ಕಡಿಮೆ ಮಾಡಿಯಾರು, ಎರಡನೆಯದನ್ನು ಕೇಳಿದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಎರಡನ್ನೂ ಈ ವಾರವೇ, ಏನೂ ನೋಯದಿರುವಾಗ, ಹತ್ತು ಸಲ ಹೇಳಿ ಅಭ್ಯಾಸ ಮಾಡಿಕೊಳ್ಳಿ.