ಓದುಗರ ಪ್ರಶ್ನೆ: ವೆರ್ದೋನ್ ಕಮರಿಗೆ ಹೊರಡುವ ಮುನ್ನ

ಪ್ರಶ್ನೆ: ಮಗಳು ಫ್ರಾನ್ಸಿನಲ್ಲಿದ್ದಾಳೆ. ರಜೆಗೆ ಹೋದಾಗ ವೆರ್ದೋನ್ ಕಮರಿ ನೋಡುವ ಆಸೆ. ಯಾವ ತಿಂಗಳು ಒಳ್ಳೆಯದು? ಪ್ರವೇಶ ಶುಲ್ಕವೆಷ್ಟು? – ಓದುಗರು, ದಾವಣಗೆರೆ

ಶುಲ್ಕವೂ ಇಲ್ಲ, ಗೇಟೂ ಇಲ್ಲ. 1997ರಲ್ಲಿ ಘೋಷಣೆಯಾದ ಈ ಪ್ರಾದೇಶಿಕ ನಿಸರ್ಗ ಉದ್ಯಾನದೊಳಗೆ ಊರುಗಳಿವೆ, ಹೊಲಗಳಿವೆ, ಜನ ಬದುಕುತ್ತಿದ್ದಾರೆ. ಹಾಗೆಂದು ಎಲ್ಲಿ ಬೇಕಾದರೂ ಟೆಂಟ್ ಹಾಕುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಮೇ, ಜೂನ್ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳಿ. ಜುಲೈ-ಆಗಸ್ಟ್‌ನಲ್ಲಿ ಬಿಸಿಲೂ ಜಾಸ್ತಿ, ಜನರೂ ಜಾಸ್ತಿ. ಕಾಡ್ಗಿಚ್ಚಿನ ಭಯವಿದ್ದ ದಿನ ಕೆಲವು ಕಾಡುದಾರಿಗಳನ್ನು ಮುಚ್ಚುತ್ತಾರೆ, ಹಿಂದಿನ ಸಂಜೆಯೇ ವಿಚಾರಿಸಿಕೊಳ್ಳಿ. ಬಸ್ಸುಗಳು ಕಡಿಮೆ, ಕಾರು ಬೇಕೇ ಬೇಕು. ನೀಸ್‌ನಿಂದ ಕಮರಿಯ ಹೆಬ್ಬಾಗಿಲಾದ ಕಸ್ತೆಲಾನ್ ಊರಿಗೆ ಸುಮಾರು ಎರಡು ಗಂಟೆ.

ಪ್ರಶ್ನೆ: ಮಂಡಿನೋವಿನಿಂದ ನಡೆಯಲಾರೆ. ಕಾರಿನಲ್ಲೇ ಕೂತು ಕಮರಿ ನೋಡಬಹುದೇ? – ಓದುಗರು, ಶಿವಮೊಗ್ಗ

ಖಂಡಿತ. ಲಾ ಪಾಲ್ಯು ಊರಿನಿಂದ ಹೊರಟು ಅಲ್ಲಿಗೇ ಮರಳುವ 'ರೂಟ್ ದೆ ಕ್ರೆಟ್' ಎಂಬ 23 ಕಿ.ಮೀ. ಸುತ್ತುದಾರಿಯ ಉದ್ದಕ್ಕೂ ವೀಕ್ಷಣಾ ತಾಣಗಳಿವೆ. ಒಂದು ಭಾಗ ಏಕಮುಖ ಸಂಚಾರ. ಊರಿನ ಪೂರ್ವಕ್ಕಿರುವ ತಿರುವಿನಿಂದ ಹತ್ತಿ. ಪಶ್ಚಿಮದ ತುದಿಯಿಂದ ಹೊಕ್ಕರೆ ಲಾ ಮಾಲೀನ್ ಎಂಬ ಚಾರಣಿಗರ ತಂಗುಮನೆಯ ಬಳಿಯೇ ತಿರುಗಿ ಬರಬೇಕಾಗುತ್ತದೆ. ಚಳಿಗಾಲದಲ್ಲಿ ಹಿಮದಿಂದಾಗಿ ಈ ರಸ್ತೆ ಮುಚ್ಚಿರುತ್ತದೆ.

ಬಿಸಿಲೇರಿ ಗಾಳಿ ಕಾದ ಮೇಲೆ ಹೋಗಿ. ಆಗ ಗ್ರಿಫನ್ ರಣಹದ್ದುಗಳು ನಿಮ್ಮ ಕಣ್ಣ ಮಟ್ಟಕ್ಕೇ ತೇಲಿ ಬರುತ್ತವೆ. ಇಲ್ಲಿಂದ ಕಣ್ಮರೆಯಾಗಿದ್ದ ಇವನ್ನು 1999ರಿಂದ ಮತ್ತೆ ತಂದು ಬಿಟ್ಟರು. ರಾಮನಗರದ ರಾಮದೇವರ ಬೆಟ್ಟದ ಹದ್ದುಗಳಂತೆ ಇವೂ ಬಂಡೆಯ ಸಂದಿನಲ್ಲೇ ಗೂಡು ಕಟ್ಟುತ್ತವೆ. ಒಂದು ಎಚ್ಚರಿಕೆ: ಮಕ್ಕಳು ಅಂಚಿನಿಂದ ಒಂದು ಹರಳುಕಲ್ಲನ್ನೂ ಎಸೆಯದಂತೆ ನೋಡಿಕೊಳ್ಳಿ. ಮೇಲಿನಿಂದ ಕಾಣದಿದ್ದರೂ ಕೆಳಗಿನ ಗೋಡೆಯಲ್ಲಿ ಹಗ್ಗ ಹಿಡಿದು ಹತ್ತುವವರು ಇರುತ್ತಾರೆ.

ಪ್ರಶ್ನೆ: ಕಮರಿಯೊಳಗಿನ ಬ್ಲಾಂ-ಮಾರ್ತೆಲ್ ಚಾರಣಕ್ಕೆ ಏನೇನು ಸಿದ್ಧತೆ ಬೇಕು? ಕುಮಾರ ಪರ್ವತ ಹತ್ತಿದ ಅಭ್ಯಾಸವಿದೆ. – ಓದುಗರು, ಪುತ್ತೂರು

ಅಷ್ಟು ಅಭ್ಯಾಸವಿದ್ದರೆ ಕಾಲಿಗೆ ಕಷ್ಟವಾಗದು, ಯೋಜನೆ ಮಾತ್ರ ಸರಿಯಿರಬೇಕು. 1905ರಲ್ಲಿ ಕಮರಿಯ ಅನ್ವೇಷಣೆಗೆ ಇಳಿದ ಫ್ರೆಂಚ್ ಗುಹಾತಜ್ಞ ಮಾರ್ತೆಲ್ ಮತ್ತು ಅವರ ಜೊತೆಗಿದ್ದ ಸ್ಥಳೀಯ ಶಾಲಾ ಮೇಷ್ಟ್ರು ಬ್ಲಾಂ ಅವರ ಹೆಸರಿನ ಈ ದಾರಿ ಸುಮಾರು 15 ಕಿ.ಮೀ. ಉದ್ದ. ಆರೇಳು ಗಂಟೆ ಬೇಕು. ಲಾ ಮಾಲೀನ್‌ನಲ್ಲಿ ಶುರುಮಾಡಿ ವೀಕ್ಷಣಾ ತಾಣವಾದ ಪ್ವಾಂ ಸುಬ್ಲೀಮ್‌ನಲ್ಲಿ ಮುಗಿಸಿ. ಕಾರನ್ನು ಮುಗಿಸುವ ತುದಿಯಲ್ಲೇ ನಿಲ್ಲಿಸಿ, ಬೆಳಿಗ್ಗೆ ಟ್ಯಾಕ್ಸಿಯಲ್ಲೋ ಬೇಸಿಗೆಯಲ್ಲಿ ಓಡುವ ಶಟಲ್ ಬಸ್ಸಿನಲ್ಲೋ ಆರಂಭದ ತುದಿಗೆ ಹೋಗಿ. ಉಲ್ಟಾ ಮಾಡಿದವರು ಸಂಜೆ ತಡವಾಗಿ, ಕೊನೆಯ ಬಸ್ಸು ತಪ್ಪಿ, ರಸ್ತೆಯಲ್ಲಿ ಸಿಕ್ಕಿಕೊಳ್ಳುತ್ತಾರೆ.

ನಡುದಾರಿಯಲ್ಲಿ ಬ್ರೆಶ್ ಇಂಬೇರ್ ಎಂಬ ಬಂಡೆಯ ಸೀಳಿನಲ್ಲಿ 252 ಮೆಟ್ಟಿಲುಗಳ ಕಬ್ಬಿಣದ ಏಣಿಗಳು. ತೀರಾ ಕಡಿದಾದ ಕಡೆ ಏಣಿಗೆ ಮುಖ ಮಾಡಿ ಇಳಿಯಿರಿ. ನಾಯಿ ಜೊತೆಗಿದ್ದರೆ ಈ ದಾರಿಯೇ ಬೇಡ. ಕೊನೆಗೆ ಎರಡು ಸುರಂಗ. ಅರ್ಧಕ್ಕೇ ಕೈಬಿಟ್ಟ ವಿದ್ಯುತ್ ಯೋಜನೆಗಾಗಿ ಕೊರೆದವು ಇವು. ದೊಡ್ಡದಾದ ಬೌ ಸುರಂಗ ಸುಮಾರು 670 ಮೀಟರ್. ಒಳಗೆ ಗವ್ವೆನ್ನುವ ಕತ್ತಲೆ, ನೆಲದಲ್ಲಿ ನೀರಿನ ಹೊಂಡ. ಮೊಬೈಲ್ ಬೆಳಕನ್ನು ನಂಬಬೇಡಿ. ತಲೆಗೆ ಕಟ್ಟುವ ಟಾರ್ಚ್ ಒಬ್ಬೊಬ್ಬರಿಗೊಂದು ಇರಲಿ. ಸುರಂಗ ದಾಟಿದರೂ ಮುಗಿಯಲಿಲ್ಲ, ಕಾರಿನವರೆಗೆ ಇನ್ನೊಂದು ಏರು ಬಾಕಿ. ಕುಡಿಯುವ ನೀರು ದಾರಿಯಲ್ಲಿ ಎಲ್ಲೂ ಇಲ್ಲ. ಬೇಸಿಗೆಯಲ್ಲಿ ತಲಾ 3 ಲೀಟರ್ ಹೊತ್ತೊಯ್ಯಿರಿ.

ಪ್ರಶ್ನೆ: ಹಸಿರು-ನೀಲಿ ನೀರಿನ ಫೋಟೋ ನೋಡಿದ್ದೇವೆ. ನದಿಗೆ ಇಳಿಯಬಹುದೇ? – ಓದುಗರು, ಬೆಂಗಳೂರು

ಕಮರಿಯೊಳಗೆ ಬೇಡ. ಮೇಲ್ಗಡೆ ಕಸ್ತಿಯೋನ್, ಶೋದಾನ್ ಎಂಬ ಎರಡು ವಿದ್ಯುತ್ ಅಣೆಕಟ್ಟುಗಳಿವೆ. ನೀರು ಬಿಟ್ಟರೆ, ಆಕಾಶ ತಿಳಿಯಾಗಿದ್ದರೂ ಹೊಳೆ ಏಕಾಏಕಿ ಏರುತ್ತದೆ. ಕಲ್ಲು ಹಾರಿ ಆಚೆ ದಡ ಸೇರಿದವರು ಮರಳಿ ದಾಟಲಾಗದೆ ಅಲ್ಲೇ ಉಳಿಯಬೇಕಾಗುತ್ತದೆ. ಹಾಗಾಗಿ ಸೇತುವೆಯಲ್ಲಿ ಮಾತ್ರ ದಾಟಿ. ನೀರಿನ ಆಸೆಗೆ ಕೆಳಗಿನ ಸೇಂಟ್-ಕ್ರ್ವಾ ಸರೋವರವಿದೆ. ಗಲೆತಾ ಸೇತುವೆಯ ಬಳಿ ಪೆಡಲ್ ದೋಣಿ, ಕಯಾಕ್ ಬಾಡಿಗೆಗೆ ಸಿಗುತ್ತವೆ. ಸುಣ್ಣಕಲ್ಲಿನ ಗೋಡೆಗಳ ನಡುವೆ ಕಮರಿಯ ಬಾಯೊಳಕ್ಕೆ ಒಂದಷ್ಟು ದೂರ ಹೋಗಿಬರಬಹುದು. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಅಲ್ಲಿರಿ. ಜೀವರಕ್ಷಕ ಜಾಕೆಟ್ಟನ್ನು ಬಿಚ್ಚಿಡಬೇಡಿ. ಗಾಳಿ ಎದ್ದರೆ ಮರಳುವಾಗ ಪೆಡಲ್ ತುಳಿಯುವುದು ದುಪ್ಪಟ್ಟು ಕೆಲಸ, ಬಾಡಿಗೆ ಅವಧಿಯ ಅರ್ಧಕ್ಕೆ ಮೊದಲೇ ದೋಣಿ ತಿರುಗಿಸಿ.