ಜೀವಕೋಶಕ್ಕೆ ‘ಇನ್ನು ಎರಡಾಗಬಹುದು’ ಅಂತ ಗೊತ್ತಾಗುವುದು ಹೇಗೆ?

ಪ್ರಶ್ನೆ: ಜೀವಕೋಶ ಬೆಳೆದು ದೊಡ್ಡದಾದ ಮೇಲೆ ಎರಡಾಗುತ್ತದೆ ಅಂತ ಓದಿದ್ದೇನೆ. ಇಷ್ಟು ಬೆಳೆದರೆ ಸಾಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಅಲ್ಲಿಯವರೆಗೆ, ಅಂದರೆ ಇಂಟರ್‌ಫೇಸ್‌ನಲ್ಲಿ, ಅದು ಸುಮ್ನೆ ಇರುತ್ತದಾ?

ಉತ್ತರ: ಸುಮ್ನೆ ಖಂಡಿತ ಇರುವುದಿಲ್ಲ. ಈರುಳ್ಳಿ ಬೇರಿನ ತುದಿಯ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ. ಹೆಚ್ಚಿನ ಕೋಶಗಳಲ್ಲಿ ಬಣ್ಣ ಹಿಡಿದ ದುಂಡನೆಯ ಕೋಶಕೇಂದ್ರ ಮಾತ್ರ ಕಾಣುತ್ತದೆ. ವರ್ಣತಂತುಗಳು (ಡಿಎನ್‌ಎ ಸುತ್ತಿಕೊಂಡ ಎಳೆಗಳು) ಬಿಡಿಬಿಡಿಯಾಗಿ ಕಾಣುವ ಕೋಶಗಳು ಅಲ್ಲೊಂದು ಇಲ್ಲೊಂದು, ಅಷ್ಟೇ. ಯಾಕೆಂದರೆ ವಿಭಜನೆ ಬೇಗ ಮುಗಿಯುತ್ತದೆ, ಹೊತ್ತು ಹಿಡಿಯುವುದು ತಯಾರಿಗೆ. ಪ್ರಯೋಗಾಲಯದಲ್ಲಿ ಚುರುಕಾಗಿ ಬೆಳೆಯುವ ಮನುಷ್ಯನ ಕೋಶಕ್ಕೆ ಒಂದು ಸುತ್ತಿಗೆ ಸುಮಾರು 24 ಗಂಟೆ ಬೇಕು. ಅದರಲ್ಲಿ ವರ್ಣತಂತುಗಳು ಹಂಚಿಹೋಗುವ ಘಟ್ಟವಾದ ಮೈಟಾಸಿಸ್‌ಗೆ ಹೋಗುವುದು ಹೆಚ್ಚುಕಮ್ಮಿ ಒಂದು ಗಂಟೆ.

ಉಳಿದ ಹೊತ್ತು ಪೂರ್ತಿ ಕೆಲಸವೇ. ಜಿ1 ಹಂತದಲ್ಲಿ ಕೋಶ ಪ್ರೋಟೀನ್, ರೈಬೋಸೋಮ್, ಮೈಟೋಕಾಂಡ್ರಿಯ ಎಲ್ಲವನ್ನೂ ಹೆಚ್ಚಿಸಿಕೊಳ್ಳುತ್ತಾ ಬೆಳೆಯುತ್ತದೆ. ಆಮೇಲೆ ಎಸ್ ಹಂತ, ಅಲ್ಲಿ ಡಿಎನ್‌ಎ ನಕಲಾಗುತ್ತದೆ. ಇದು ಎಷ್ಟು ದೊಡ್ಡ ಕೆಲಸ ಅಂದರೆ, ನಮ್ಮ ಒಂದನೇ ವರ್ಣತಂತುವಿನಲ್ಲಿ ಡಿಎನ್‌ಎಯ ಸುಮಾರು 25 ಕೋಟಿ ಅಕ್ಷರಜೋಡಿಗಳಿವೆ, ಸೆಕೆಂಡಿಗೆ 50ರಂತೆ ಒಂದು ತುದಿಯಿಂದ ನಕಲು ಮಾಡುತ್ತಾ ಹೋದರೂ ಎರಡು ತಿಂಗಳ ಹತ್ತಿರ ಬೇಕಾಗುತ್ತದೆ. ಕೋಶ ಇದನ್ನು ಸುಮಾರು ಎಂಟು ಗಂಟೆಯಲ್ಲಿ ಮುಗಿಸುತ್ತದೆ. ಎಲ್ಲ ವರ್ಣತಂತುಗಳೂ ಸೇರಿ ಸಾವಿರಾರು ಕಡೆಗಳಿಂದ ನಕಲು ಶುರುವಾಗುವುದರಿಂದ ಇದು ಸಾಧ್ಯ. ನಂತರ ಜಿ2, ನಕಲು ಪೂರ್ತಿ ಆಗಿದೆಯಾ, ಎಲ್ಲಾದರೂ ಡಿಎನ್‌ಎ ಮುರಿದಿದೆಯಾ ಅಂತ ನೋಡಿಕೊಳ್ಳುವ ಹಂತ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಉದ್ದುದ್ದ ಬೆಳೆದು ನಡುವೆ ಎರಡಾಗುವ ಒಂದು ಜಾತಿಯ ಯೀಸ್ಟ್ ಇದೆ. 1970ರ ದಶಕದಲ್ಲಿ ವಿಜ್ಞಾನಿ ಪಾಲ್ ನರ್ಸ್ ಅದರಲ್ಲಿ ವಿಚಿತ್ರವಾದ ಕೋಶಗಳನ್ನು ಕಂಡರು. ಅವು ಮಾಮೂಲಿಗಿಂತ ತುಂಬಾ ಸಣ್ಣದಿರುವಾಗಲೇ, ಹೆಚ್ಚುಕಮ್ಮಿ ಅರ್ಧ ಗಾತ್ರಕ್ಕೇ, ಎರಡಾಗುತ್ತಿದ್ದವು. ಅವುಗಳಲ್ಲಿ ಕೆಟ್ಟಿದ್ದದ್ದು ವೀ1 ಎಂಬ ಒಂದೇ ಜೀನ್. ಅಂದರೆ ಸಣ್ಣ ಕೋಶಕ್ಕೂ ಎರಡಾಗುವ ಸಾಮರ್ಥ್ಯ ಇತ್ತು, ಮಾಮೂಲಿ ಕೋಶದಲ್ಲಿ ಸಾಕಷ್ಟು ಬೆಳೆಯುವವರೆಗೆ ವೀ1 ಅದನ್ನು ತಡೆದು ನಿಲ್ಲಿಸುತ್ತದೆ. ಈ ತಡೆ ಬೀಳುವುದು ಸಿಡಿಕೆ1 ಎಂಬ ಕಿಣ್ವದ ಮೇಲೆ. ವಿಭಜನೆಗೆ ಚಾಲನೆ ಕೊಡುವುದು ಇದೇ ಕಿಣ್ವ, ಆದರೆ ಸೈಕ್ಲಿನ್ ಎಂಬ ಪ್ರೋಟೀನ್ ಜೊತೆಗೂಡದೆ ಅದು ಕೆಲಸ ಮಾಡುವುದಿಲ್ಲ. ಪ್ರತಿ ಸುತ್ತಿನಲ್ಲೂ ಸೈಕ್ಲಿನ್ ಹೆಚ್ಚುತ್ತಾ ಹೋಗಿ, ವಿಭಜನೆಯ ಹೊತ್ತಿಗೆ ಇದ್ದಕ್ಕಿದ್ದಂತೆ ನಾಶವಾಗುತ್ತದೆ. ಇನ್ನೊಬ್ಬ ವಿಜ್ಞಾನಿ ಟಿಮ್ ಹಂಟ್ ಇದನ್ನು 1982ರಲ್ಲಿ ಸೀ ಅರ್ಚಿನ್ ಮೊಟ್ಟೆಗಳಲ್ಲಿ ಗಮನಿಸಿದರು. ನನಗೆ ಇವತ್ತಿಗೂ ಬೆರಗು ಹುಟ್ಟಿಸುವುದು 1987ರ ಫಲಿತಾಂಶ: ಯೀಸ್ಟಿನಲ್ಲಿ ಈ ಕಿಣ್ವದ ಜೀನ್ ಕೆಟ್ಟಾಗ ಮನುಷ್ಯನ ಜೀನನ್ನು ಹಾಕಿದರೆ, ಅದು ಆ ಕೆಲಸವನ್ನು ವಹಿಸಿಕೊಂಡು ಯೀಸ್ಟನ್ನು ಉಳಿಸಿತು! ನೂರು ಕೋಟಿ ವರ್ಷಗಳಷ್ಟು ಹಿಂದೆ ಬೇರೆಯಾದ ಎರಡು ಜೀವಿಗಳು, ಯಂತ್ರ ಮಾತ್ರ ಒಂದೇ.

ಆದರೆ ಗಾತ್ರ ಒಂದೇ ಸಾಲದು. ಕಪ್ಪೆಯ ಭ್ರೂಣದಲ್ಲಿ ಮೊದಲ ಕೆಲವು ಗಂಟೆ ಕೋಶಗಳು ಬೆಳೆಯುವುದೇ ಇಲ್ಲ, ಅರ್ಧ ಗಂಟೆಗೊಮ್ಮೆ ಒಡೆಯುತ್ತಾ ಸಣ್ಣದಾಗುತ್ತಲೇ ಹೋಗುತ್ತವೆ. ನರಕೋಶ ಉದ್ದುದ್ದ ಬೆಳೆದರೂ ಎರಡಾಗುವುದಿಲ್ಲ. ಹಾಗಾಗಿ ಬೆಳೆಯುವುದು, ಒಡೆಯುವುದು ಎರಡೂ ಬೇರೆ ಬೇರೆ ಕೆಲಸ, ಸಾಮಾನ್ಯ ಕೋಶಗಳಲ್ಲಿ ಎರಡನ್ನೂ ಒಟ್ಟಿಗೆ ಕಟ್ಟಿಹಾಕಿರುತ್ತದೆ ಅಷ್ಟೇ. ನಮ್ಮ ಕೋಶಗಳಿಗೆ ಹೊರಗಿನಿಂದ ‘ಒಡೆಯಬಹುದು’ ಅನ್ನುವ ರಾಸಾಯನಿಕ ಸೂಚನೆಯೂ ಬೇಕು. ಜಿ1ರ ಕೊನೆಯ ಭಾಗದಲ್ಲಿ ಒಂದು ಗಡಿ ಇದೆ. ಅದನ್ನು ದಾಟುವ ಮೊದಲು ಸೂಚನೆ ನಿಂತರೆ ಕೋಶ ಅಲ್ಲೇ ನಿಲ್ಲುತ್ತದೆ. ದಾಟಿದ ಮೇಲೆ ನಿಂತರೆ, ಸಾಮಾನ್ಯವಾಗಿ ಸುತ್ತು ಮುಗಿಸಿಯೇ ಬಿಡುತ್ತದೆ.

ಇಷ್ಟೆಲ್ಲ ಆದ ಮೇಲೂ ಕೊನೆಯ ತಪಾಸಣೆ ಬಾಕಿ. ಮೈಟಾಸಿಸ್ ನಡುವೆ ಮನುಷ್ಯನ 46 ವರ್ಣತಂತುಗಳು, ಆಗಲೇ ನಕಲಾಗಿರುವುದರಿಂದ, ಜೋಡಿ ಎಳೆಗಳಾಗಿ ಕೋಶದ ಮಧ್ಯದಲ್ಲಿ ಸಾಲಾಗಿ ನಿಲ್ಲುತ್ತವೆ. ಎರಡೂ ಕಡೆಯಿಂದ ಬಂದ ಸೂಕ್ಷ್ಮ ನಾಳಗಳು ಅವುಗಳನ್ನು ಹಿಡಿದು ಎಳೆಯುತ್ತಿರುತ್ತವೆ. 45 ಸರಿಯಾಗಿ ಸಿಕ್ಕಿ ಒಂದೇ ಒಂದು ಸಿಕ್ಕದಿದ್ದರೂ, ಅದೊಂದರಿಂದ ಹೊರಡುವ ‘ತಡಿ’ ಅನ್ನುವ ಸಂಕೇತ ಇಡೀ ಕೋಶ ಕಾಯುವಂತೆ ಮಾಡುತ್ತದೆ. ಅದೂ ಸಿಕ್ಕ ಮೇಲೆಯೇ ಜೋಡಿಗಳನ್ನು ಹಿಡಿದಿಟ್ಟ ಕೊಹೀಸಿನ್ ಪ್ರೋಟೀನ್ ಕತ್ತರಿಸಿಹೋಗಿ, ಎಲ್ಲ ಎಳೆಗಳೂ ಹೆಚ್ಚುಕಮ್ಮಿ ಒಟ್ಟಿಗೇ ಬೇರೆಯಾಗುತ್ತವೆ. ಈ ಕಾಯುವಿಕೆ ಹದಗೆಟ್ಟರೆ ಒಂದು ಮರಿಕೋಶಕ್ಕೆ ವರ್ಣತಂತು ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಕ್ಯಾನ್ಸರ್ ಕೋಶಗಳಲ್ಲಿ ಬಹಳ ಸಾಮಾನ್ಯವಾಗಿ ಕಾಣುವುದು ಇಂಥದ್ದೇ ಲೆಕ್ಕ ತಪ್ಪಿದ ವರ್ಣತಂತುಗಳು.